ಲಾರಿ ಹತ್ತುವ ಅಲಂಕಾರ

ಬೆಂಗಳೂರಿನಲ್ಲಿ ಮನೆ ಬಾಡಿಗೆಯ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಆ ಓಡಾಟ, ಆ ಖರ್ಚು ಮಾಲೀಕರಿಗೂ ಬೇಡ, ಬಾಡಿಗೆಗೆ ಬರುವವರಿಗೂ ಬೇಡ. ಆ ಪತ್ರದ ಕೊನೆಯ ಪುಟದಲ್ಲಿ, ಸಾಕ್ಷಿಗಳ ಸಹಿಗಿಂತ ಸ್ವಲ್ಪ ಮೇಲೆ, ಯಾರೂ ಮನಸ್ಸಿಟ್ಟು ಓದದ ಎರಡು ಸಾಲು ಇರುತ್ತವೆ. ಗೋಡೆಗೆ ಮೊಳೆ ಹೊಡೆಯಕೂಡದು. ಮನೆ ಬಿಡುವಾಗ ಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಳ್ಳಲಾಗುವುದು. ಮನೆ ಸಿಂಗರಿಸುವ ಮಾತು ಬಂದಾಗ ಜನ ಬಣ್ಣ, ಸೋಫಾ, ಷೋಕೇಸು ಎನ್ನುತ್ತಾರೆ; ನನ್ನ ಲೆಕ್ಕ ಶುರುವಾಗುವುದು ಈ ಎರಡು ಸಾಲಿನಿಂದ.

ಬಾಡಿಗೆ 22,000 ರೂಪಾಯಿ ಎಂದಿಟ್ಟುಕೊಳ್ಳಿ. ಒಲೆಯ ಮೇಲೆ ಹಾಲು ಉಕ್ಕಿಸುವ ದಿನವೇ ನೀವು ಆ ಮನೆಯ ಗೋಡೆಗೆ 22,000 ರೂಪಾಯಿ ಕೊಟ್ಟು ಆಗಿರುತ್ತದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ ಎಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ ನಿಜ, ಆದರೆ ಅದು ಮಾದರಿ. ಮಾಲೀಕರ ಮುಂದೆ ಕೂತು ಅದನ್ನು ಓದಿ ಹೇಳಿದರೆ ಮನೆ ಇನ್ನೊಬ್ಬರಿಗೆ ಹೋಗುತ್ತದೆ. ಹೀಗಿರುವಾಗ ಅದೇ ಗೋಡೆಗೆ ಕೈಯಿಂದ ಇನ್ನೂ ದುಡ್ಡು ಹಾಕುವುದೆಂದರೆ ಮಾಲೀಕರಿಗೆ ಎರಡನೇ ಸಲ ಮುಯ್ಯಿ ಮಾಡಿದ ಹಾಗೆ.

ಆದ್ದರಿಂದ ನಮ್ಮ ಮನೆಗೆ ಅಂದಚಂದದ ವಸ್ತು ಯಾವುದೇ ಬರಲಿ, ಕೇಳುವುದು ಒಂದೇ ಪ್ರಶ್ನೆ: ಮನೆ ಬದಲಾಯಿಸುವಾಗ ಇದು ಲಾರಿ ಹತ್ತುತ್ತದೆಯೇ? ವಾಲ್‌ಪೇಪರ್ ಹತ್ತುವುದಿಲ್ಲ. ಫಾಲ್ಸ್ ಸೀಲಿಂಗ್ ಹತ್ತುವುದಿಲ್ಲ. ಗೋಡೆಗೆ ಅಂಟಿಸುವ ಮರ-ಹಕ್ಕಿಯ ಸ್ಟಿಕ್ಕರ್ ಕಿತ್ತರೆ ಜೊತೆಗೆ ಬಣ್ಣದ ಚಕ್ಕೆಯೂ ಬರುತ್ತದೆ, ಅದಕ್ಕೆ ಬೇರೆ ದಂಡ. ದೀಪ, ಬಟ್ಟೆ, ಚಿತ್ರ, ಗಿಡ ಹತ್ತುತ್ತವೆ. ಹುಬ್ಬಳ್ಳಿಯಿಂದ ಬಂದ ಅವ್ವನಿಗೆ ಈ ನಿಯಮವೆಲ್ಲ ತಮಾಷೆ. “ಮೊಳಿ ಬಡ್ಯಾಕೂ ಕೇಳಬೇಕೇನವಾ? ಹಂಗಾರ ಕ್ಯಾಲೆಂಡರ್ ಎಲ್ಲಿ ಹಾಕ್ತೀರಿ?” ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಮುಂದೆ ಬರುತ್ತೇನೆ.

ಕಡಿಮೆ ಖರ್ಚಿನಲ್ಲಿ ಕೋಣೆಯ ಮುಖ ಬದಲಾಗುವುದು ದೀಪದಿಂದ. ಬಲ್ಬಿನ ಡಬ್ಬಿಯ ಮೇಲೆ ವ್ಯಾಟ್ ನೋಡುತ್ತೇವೆ, ಪಕ್ಕದಲ್ಲೇ ಇರುವ ಕೆಲ್ವಿನ್ ಸಂಖ್ಯೆ ನೋಡುವುದಿಲ್ಲ. 6500 ಎಂದಿದ್ದರೆ ನೀಲಿ ಬೆರೆತ ಬಿಳಿ ಬೆಳಕು. ಅಡುಗೆಮನೆಯ ಕಟ್ಟೆಗೆ, ಮಕ್ಕಳು ಓದುವ ಮೇಜಿಗೆ ಸರಿ. 2700ರಿಂದ 3000 ಎಂದಿದ್ದರೆ ಹಳೆಯ ಗುಂಡು ಬಲ್ಬಿನ ಹಳದಿ ಬೆಳಕು. ನಮ್ಮ ಬಾಡಿಗೆ ಮನೆಗಳಲ್ಲಿ ಮಾಲೀಕರು ಹಾಕಿಸಿಕೊಟ್ಟ ಟ್ಯೂಬ್‌ಲೈಟ್ ಎಲ್ಲ ಕೋಣೆಯಲ್ಲೂ 6500. ರಾತ್ರಿ ಊಟ ಮುಗಿಸಿ ಕೂತಾಗಲೂ ಗೋಡೆಯ ಒಂದೊಂದು ಬಿರುಕನ್ನೂ ಎತ್ತಿ ತೋರಿಸುವ ಬೆಳಕು ಅದು. ಅಂಗಡಿಯಲ್ಲಿ ‘ವಾರ್ಮ್ ವೈಟ್ ಕೊಡಿ’ ಎಂದು ಕೇಳಿದರೆ ಸಾಕು, ಬೆಲೆಯಲ್ಲಿ ವ್ಯತ್ಯಾಸವಿಲ್ಲ. 9 ವ್ಯಾಟ್‌ನ ಎಲ್‌ಇಡಿ ಹೆಚ್ಚುಕಡಿಮೆ ಹಳೆಯ 60 ವ್ಯಾಟ್ ಬಲ್ಬಿನಷ್ಟು ಬೆಳಕು ಕೊಡುತ್ತದೆ. ದಿನಕ್ಕೆ 6 ಗಂಟೆ ಉರಿಸಿದರೆ ತಿಂಗಳಿಗೆ 1.6 ಯೂನಿಟ್, ಹಳೆಯದಾದರೆ 10.8. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇದೆಯಲ್ಲ, ಯಾಕೆ ಲೆಕ್ಕ ಎನ್ನಬೇಡಿ. 200 ಯೂನಿಟ್ ಎನ್ನುವುದು ಮೇಲಿನ ಮಿತಿ. ಉಚಿತವಾಗಿ ಸಿಗುವುದು ಆ ಮೀಟರಿನ ಹಿಂದಿನ ಸರಾಸರಿ, ಅದರ ಮೇಲೆ ಶೇ 10.

ನಮ್ಮ ಮನೆಯ ಮೂಲೆಯಲ್ಲಿ ತೂಗುತ್ತಿರುವುದು ಮೇದರು ಹೆಣೆದ ಬಿದಿರಿನ ಬುಟ್ಟಿ. ರಸ್ತೆ ಬದಿಯಲ್ಲಿ ಮೊರ, ಬುಟ್ಟಿ ಹರವಿಕೊಂಡು ಕೂತಿದ್ದ ಅಮ್ಮನ ಹತ್ತಿರ 150 ರೂಪಾಯಿಗೆ ತಂದದ್ದು. ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ವೈರು, ಪ್ಲಗ್ಗು ಎಲ್ಲ ಸೇರಿಸಿದ ಹೋಲ್ಡರ್ 180ಕ್ಕೆ ಸಿಕ್ಕಿತು, ಬಲ್ಬಿಗೆ 110. ಬುಟ್ಟಿಯನ್ನು ಬೋರಲು ಹಾಕಿ, ತಳದ ನಡುವೆ ಎರಡು ಸಿಬಿರನ್ನು ಚಾಕುವಿನಿಂದ ಸರಿಸಿದರೆ ಹೋಲ್ಡರ್ ಇಳಿಯುವಷ್ಟು ಜಾಗ ಆಗುತ್ತದೆ. ತೂಗುಹಾಕಲು ಮೊಳೆ ಬೇಕಾಗಲಿಲ್ಲ. ಹಳೆಯ ಮನೆಗಳ ತಾರಸಿಯಲ್ಲಿ ತೊಟ್ಟಿಲಿಗೆಂದು ಬಿಟ್ಟ ಕಬ್ಬಿಣದ ಕೊಂಡಿ ಇರುತ್ತದೆ. ನಮ್ಮ ಮನೆಯಲ್ಲೂ ಇತ್ತು, ಮೇಲೆ ಸುಣ್ಣ ಬಳಿದು ಬಳಿದು ಅದು ತಾರಸಿಯದೇ ಗಂಟು ಎಂಬಂತಾಗಿತ್ತು. ಸಂಜೆ ದೀಪ ಹಾಕಿದರೆ ಹೆಣಿಗೆಯ ಸಂದಿನಿಂದ ಬೆಳಕು ಹಾದು ಗೋಡೆಯುದ್ದಕ್ಕೂ ಚೌಕುಳಿ ನೆರಳು. ಇದೇ ಥರದ ಬಿದಿರಿನ ದೀಪಕ್ಕೆ ದೊಡ್ಡ ಅಂಗಡಿಯೊಂದರಲ್ಲಿ 3,200ರ ಚೀಟಿ ನೋಡಿದ್ದೇನೆ, ಬಲ್ಬ್ ಬೇರೆ. ಒಂದು ಎಚ್ಚರಿಕೆ: ಎಲ್‌ಇಡಿ ಬಿಟ್ಟು ಹಳೆಯ ಗುಂಡು ಬಲ್ಬನ್ನು ಬುಟ್ಟಿಯೊಳಗೆ ಹಾಕಬೇಡಿ, ಬಿಸಿಗೆ ಬಿದಿರು ಸೀದುಹೋಗುತ್ತದೆ.

ಇನ್ನು ಬಟ್ಟೆ. ಉತ್ತರ ಕರ್ನಾಟಕದ ಯಾವ ಮನೆಯ ಟ್ರಂಕು ತೆಗೆದರೂ ತಳದಲ್ಲಿ ಒಂದೆರಡು ಇಳಕಲ್ ಸೀರೆ ಇದ್ದೇ ಇರುತ್ತವೆ. ಉಡಲು ಹಳತು, ಕೊಡಲು ಮನಸ್ಸಿಲ್ಲ. ಸೀರೆ ಸವೆಯುವುದು ನೆರಿಗೆಯ ತುದಿಯಲ್ಲಿ, ಕೆಳಗಿನ ಅಂಚಿನಲ್ಲಿ. ನಡುವಿನ ಮೈ ಹತ್ತಾರು ವರ್ಷ ಗಟ್ಟಿಯಾಗಿಯೇ ಇರುತ್ತದೆ. ಅವ್ವ ಕೊಟ್ಟದ್ದು ಎಂಟು ಗಜದ್ದು, ಅಂದರೆ 24 ಅಡಿ. ಬಾಗಿಲಿನ ಪರದೆಗೆ ಮೇಲೆ ಕೆಳಗೆ ಮಡಿಕೆಯೂ ಸೇರಿ ಏಳೂವರೆ ಅಡಿ ಹಿಡಿದರೆ ಮೂರು ಪರದೆ ಆಗುತ್ತವೆ. ನಾನು ಎರಡೇ ಮಾಡಿಸಿದೆ. ಕಾರಣ ಸೆರಗು. ಇಳಕಲ್ಲಿನ ನೇಕಾರರು ಸೆರಗಿನ ಹಾಸನ್ನು ಮೈಯ ಹಾಸಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಕೆಂಪಿನ ಮೇಲೆ ಬಿಳಿ ತೋಪು ತೆನಿ ಬರುವ ಆ ಭಾಗಕ್ಕೆ ಕತ್ತರಿ ಆಡಿಸಲು ನಮ್ಮ ಬೀದಿಯ ಟೈಲರ್ ಕೂಡ ಹಿಂದೆಮುಂದೆ ನೋಡಿದರು. “ಇದನ್ನ ಹಂಗೇ ಬಿಡಿ ಮೇಡಂ, ದಿವಾನ್ ಮೇಲೆ ಹಾಸಿ,” ಎಂದರು. ಹಾಗೇ ಆಯಿತು. ಹೊಲಿಗೆ ಪರದೆಗೆ 80ರಂತೆ 160 ರೂಪಾಯಿ. ಅಪ್ಪನ ಹಳೆಯ ಪಂಚೆಯನ್ನು ಒಳಗೆ ಅಸ್ತರವಾಗಿ ಕೊಟ್ಟದ್ದರಿಂದ ಬಿಸಿಲು ನೇರ ಬಟ್ಟೆಗೆ ಬೀಳುವುದಿಲ್ಲ. ಪಡುವಣ ಕಿಟಕಿಗೆ ಮಾತ್ರ ರೇಷ್ಮೆ ಬೆರೆತ ಸೀರೆ ಹಾಕಬೇಡಿ, ಎರಡು ಬೇಸಿಗೆಯಲ್ಲಿ ಬಣ್ಣ ಇಳಿದು ಎಳೆ ಪುಡಿಯಾಗುತ್ತದೆ.

ಸೀರೆ ತೀರಾ ಹರಿದಿದ್ದರೆ ಕೌದಿ. ಹುಬ್ಬಳ್ಳಿ-ಧಾರವಾಡದ ಕಡೆ ಹೊಲಿದು ಕೊಡುವ ಹೆಂಗಸರು ಈಗಲೂ ಸಿಗುತ್ತಾರೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕೌದಿಯಂತೂ ದೇಶವಿದೇಶದ ಪ್ರದರ್ಶನಗಳಿಗೆ ಹೋಗಿಬಂದಿದೆ. ಬಟ್ಟೆ ನಾವೇ ಕೊಟ್ಟರೆ ಕೂಲಿ ಮಾತ್ರ. ಆ ಕೂಲಿಯಲ್ಲಿ ಚೌಕಾಶಿ ಮಾಡಬೇಡಿ ಎಂದು ಹಣಕಾಸಿನ ಅಂಕಣ ಬರೆಯುವ ನಾನೇ ಹೇಳುತ್ತಿದ್ದೇನೆ. ದಿನಗಟ್ಟಲೆ ನೆಲದ ಮೇಲೆ ಬಗ್ಗಿ ಕೂತು ಬೆರಳಳತೆಯ ಸಾಲಿನಲ್ಲಿ ಹಾಕುವ ಹೊಲಿಗೆ ಅದು.

ಈಗ ಅವ್ವನ ಕ್ಯಾಲೆಂಡರಿಗೆ ಬರೋಣ. ಹಿಂದಿನ ಬಾಡಿಗೆದಾರರು ಹೊಡೆದುಹೋದ ಮೊಳೆಗಳು ನಮ್ಮ ಪಾಲಿಗೆ ಆಸ್ತಿ. ಬೀಗದ ಕೈ ತೆಗೆದುಕೊಳ್ಳುವ ದಿನ, ಸಾಮಾನು ಇಳಿಸುವ ಮುಂಚೆ, ಪ್ರತಿ ಗೋಡೆಯ ಫೋಟೋ ತೆಗೆದು ಮಾಲೀಕರಿಗೆ ವಾಟ್ಸ್ಆ್ಯಪ್ ಮಾಡಿಬಿಡಿ. ತಾರೀಖು ತಾನಾಗಿಯೇ ದಾಖಲಾಗುತ್ತದೆ, ಇದ್ದ ಮೊಳೆ ಯಾವುದು, ನಾವು ಹೊಡೆದದ್ದು ಯಾವುದು ಎಂಬ ತಕರಾರು ಹುಟ್ಟುವುದಿಲ್ಲ. ಅಂಟು ಕೊಕ್ಕೆಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಟೈಲ್ಸ್ ಮೇಲೆ ಚೆನ್ನಾಗಿ ನಿಲ್ಲುತ್ತವೆ, ಡಿಸ್ಟೆಂಪರ್ ಬಳಿದ ಗೋಡೆಯ ಮೇಲೆ ಪುಡಿಗೆ ಅಂಟಿ ಪುಡಿಯ ಸಮೇತ ಬೀಳುತ್ತವೆ. ಅದಕ್ಕಿಂತ ಪರದೆಯ ಕೋಲಿನ ತುದಿಯಿಂದ ದಾರ ಇಳಿಬಿಟ್ಟು ಚಿತ್ರ ತೂಗುಹಾಕುವುದು, ಬೀರುವಿನ ಮೇಲೆ ಗೋಡೆಗೆ ಒರಗಿಸಿಡುವುದು ಮೇಲು.

ಯಾವ ಚಿತ್ರ? ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಹಾಕುವ ತನಕ ದೊಡ್ಡ ವರ್ಣಚಿತ್ರವೆಂದರೆ ಅರಮನೆಯವರ ಸ್ವತ್ತು. ಅಚ್ಚಾದ ಲಕ್ಷ್ಮಿ, ಸರಸ್ವತಿಯರು ಕೆಲವೇ ಕಾಸಿಗೆ ಸಿಕ್ಕಿದ ಮೇಲೆ ಸಾಮಾನ್ಯರ ಪಡಸಾಲೆಗೂ ಬಂದರು, ಕಟ್ಟು ಹಾಕಿಸಿಕೊಂಡು ನಿಂತರು. ಈಗ ಆನ್‌ಲೈನಿನಲ್ಲಿ ಐದು ತುಂಡಿನ ಓಡುವ ಕುದುರೆ, ಬುದ್ಧನ ಮುಖ, ಊರಿನವರೆಲ್ಲರ ಮನೆಯಲ್ಲೂ ಅದೇ. ನನ್ನ ಮಾತು ಕೇಳುವುದಾದರೆ ದೇವರ ಪಟಕ್ಕೆ ಕಟ್ಟು ಹಾಕುವ ಗುಡಿ ಬೀದಿಯ ಅಂಗಡಿಗೆ ನಿಮ್ಮದೇ ಮನೆಯ ಏನನ್ನಾದರೂ ಒಯ್ಯಿರಿ. ನಾನು ಒಯ್ದದ್ದು ಅಜ್ಜಿಯ ಕುಪ್ಪಸದ ಖಣದಿಂದ ಉಳಿಸಿಕೊಂಡ ಅಂಗೈ ಅಗಲದ ಕಸೂತಿ: ಒಂದು ತೇರು, ಎರಡು ಆನೆ, ಸುತ್ತ ಮುರಗಿ ಹೊಲಿಗೆಯ ಮೆಟ್ಟಿಲು. ಗವಂತಿ ಹೊಲಿಗೆಯಲ್ಲಿ ಗಂಟು ಕಾಣುವುದಿಲ್ಲ, ಎರಡೂ ಬದಿ ಒಂದೇ ಥರ. ಅಂಗಡಿಯವರು ತಿರುಗಿಸಿ ತಿರುಗಿಸಿ ನೋಡಿ “ಯಾವುದು ಹೊರಮಗ್ಗುಲು, ಯಾವುದು ಒಳಮಗ್ಗುಲು ಹೇಳಿಬಿಡಿ ಅಕ್ಕ,” ಎಂದರು. ಕಟ್ಟಿಗೆ 350 ರೂಪಾಯಿ. ಮನೆಗೆ ಬಂದವರು ಟಿವಿ ಬಿಟ್ಟು ಮೊದಲು ನೋಡುವುದು ಅದನ್ನೇ.

ಇದನ್ನೆಲ್ಲ ಹೊಸದಾಗಿ ಕಲಿಯಬೇಕಾಗಿಯೂ ಇಲ್ಲ. ಮೈಸೂರು ಕಡೆಯವರ ನವರಾತ್ರಿ ಗೊಂಬೆ ನೋಡಿ. ಟ್ರಂಕು, ಸ್ಟೂಲು, ಹಳೆಯ ಡಬ್ಬಿ ಒಂದರ ಮೇಲೊಂದು ಪೇರಿಸಿ, ಮೇಲೆ ಬಿಳಿ ಪಂಚೆ ಹಾಸಿದರೆ ಮೆಟ್ಟಿಲು ತಯಾರು. ಪಟ್ಟದ ಗೊಂಬೆ, ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆ, ಟ್ರೇನಲ್ಲಿ ರಾಗಿ ಚೆಲ್ಲಿ ಬೆಳೆಸಿದ ಪೈರಿನ ಪಾರ್ಕು. ಹಬ್ಬ ಮುಗಿದ ಮೇಲೆ ಎಲ್ಲ ಮತ್ತೆ ಅದೇ ಟ್ರಂಕಿನೊಳಗೆ. ಸಾಗರದ ಕಡೆ ದೀವರ ಹೆಂಗಸರು ಗೋಡೆಗೆ ಹಸೆ ಚಿತ್ತಾರ ಬರೆಯುವುದು ಅಕ್ಕಿ ಹಿಟ್ಟು, ಕೆಮ್ಮಣ್ಣು, ಪುಂಡಿ ನಾರಿನ ಕುಂಚದಿಂದ. ಅಂಗಡಿಯ ಬಾಬ್ತು ಒಂದೂ ಇಲ್ಲ. ಇವತ್ತು ಅದೇ ಚಿತ್ತಾರ ಕಾಗದ, ಬಟ್ಟೆಯ ಮೇಲೂ ಬರುತ್ತಿದೆ, ಹಾಗಾಗಿ ಅದೂ ಲಾರಿ ಹತ್ತುತ್ತದೆ.

ಗಿಡದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮನಿ ಪ್ಲಾಂಟಿನ ಬಳ್ಳಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ ನೀರಿನ ಬಾಟಲಿಗೆ ಹಾಕಿದರೆ ಬೇರು ಬಿಡುತ್ತದೆ. ದೊಡ್ಡಪತ್ರೆ ಮುರಿದ ಕಡ್ಡಿ ಊರಿದರೂ ಚಿಗುರುತ್ತದೆ. ಪಕ್ಕದ ಮನೆಯವರನ್ನು ಕೇಳಿದರೆ ಬಿಟ್ಟಿ, ಕುಂಡ ಸಮೇತ ಬೇಕಾದರೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳು. ಬಾಟಲಿಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಬದಲಿಸಿ, ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಗೆ ಬರಲು ಅಷ್ಟೇ ಸಾಕು.

ದುಡ್ಡು ಎಲ್ಲಿಂದ? ಹಬ್ಬದ ಸೇಲಿನಲ್ಲಿ ಸೋಫಾ, ದೀಪ, ಕಾರ್ಪೆಟ್ ಎಲ್ಲವೂ ‘ನೋ ಕಾಸ್ಟ್ ಇಎಂಐ’ಗೆ ಬರುತ್ತವೆ. ಶೂನ್ಯ ಬಡ್ಡಿ ಎಂಬುದು ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಈಗ ನಡೆಯುವುದು ಹೀಗೆ: ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟನ್ನು ಮಾರುವವರು ಬೆಲೆಯಲ್ಲಿ ಕಡಿತ ಎಂದು ತೋರಿಸುತ್ತಾರೆ, ಆ ಬಡ್ಡಿಯ ಮೇಲಿನ ಶೇ 18ರ ಜಿಎಸ್‌ಟಿಯೂ ಸಂಸ್ಕರಣಾ ಶುಲ್ಕವೂ ನಮ್ಮ ತಲೆಗೆ. ಕಂತಿನ ಬದಲು ಕಾರ್ಡಿನ ಬಾಕಿ ಹಾಗೇ ಉಳಿಸಿಕೊಂಡರೆ ತಿಂಗಳಿಗೆ ಶೇ 3ರಿಂದ 3.75, ವರ್ಷಕ್ಕೆ ಅದು ಶೇ 40ರ ಆಸುಪಾಸು. ಗೋಡೆಯ ಗಡಿಯಾರಕ್ಕೆ ಕೊಡುವ ಬಡ್ಡಿಯೇ ಅದು? ನಮ್ಮಲ್ಲಿ ತಿಂಗಳಿಗೆ 500 ರೂಪಾಯಿ ಬೇರೆ ಖಾತೆಗೆ ಹೋಗುತ್ತದೆ, ಅಜ್ಜಿಯ ಸಾಸಿವೆ ಡಬ್ಬಿಯ ಲೆಕ್ಕದಲ್ಲೇ. ವರ್ಷಕ್ಕೆ 6,000. ಒಂದು ವಸ್ತು ಬಂದು, ಅದು ಕೂರುವ ಜಾಗ ಗೊತ್ತಾದ ಮೇಲೆ ಇನ್ನೊಂದರ ಮಾತು.

ಸ್ವಂತ ಮನೆಯವರಿಗೆ ಮಾತ್ರ ಗೋಡೆಯ ಮೇಲೂ ಹಕ್ಕಿದೆ. ಹುಬ್ಬಳ್ಳಿಯಲ್ಲಿ ನನ್ನ ತಮ್ಮ ಇಡೀ ಮನೆಗೆ ಬಣ್ಣ ಹೊಡೆಸುವ ಯೋಚನೆ ಬಿಟ್ಟು ದಿವಾನಿನ ಹಿಂದಿನ ಒಂದೇ ಗೋಡೆಗೆ ತಾನೇ ಕೈಹಾಕಿದ. ಹತ್ತಡಿಗೆ ಹತ್ತಡಿ, 100 ಚದರಡಿ; ಎರಡು ಕೋಟ್‌ಗೆ ಎರಡು ಲೀಟರ್ ಎಮಲ್ಷನ್ ಧಾರಾಳ. ರೋಲರ್, ಉಪ್ಪು ಕಾಗದ, ಅಂಚಿಗೆ ಅಂಟಿಸುವ ಟೇಪು ಸೇರಿ 1,400ರ ಒಳಗೆ ಮುಗಿಯಿತು. ಬಿಳಿ ಬಣ್ಣಕ್ಕೆ ಸ್ಟೇನರ್ ಬೆರೆಸಿದರೆ ಇನ್ನೂ ಅಗ್ಗ, ಆದರೆ ಮನೆಯಲ್ಲಿ ಬೆರೆಸಿದ ಛಾಯೆ ಎರಡನೇ ಸಲ ಕೂಡಿಬರುವುದಿಲ್ಲ. ಬೇಕಾದಷ್ಟನ್ನೂ ಒಂದೇ ಬಕೆಟ್ಟಿನಲ್ಲಿ ಕಲಸಬೇಕು. ಅವನು ಅಂಗಡಿಯ ಮೆಷೀನಿನಲ್ಲೇ ಬೆರೆಸಿಸಿಕೊಂಡ. ಮಿಕ್ಕಿದ್ದನ್ನು ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಬಣ್ಣದ ಸಂಖ್ಯೆಯನ್ನೂ ತಾರೀಖನ್ನೂ ಮೇಲೆ ಬರೆದು ಮಂಚದ ಕೆಳಗೆ ತಳ್ಳಿದ್ದಾನೆ. ಮಗ ಗೋಡೆಗೆ ಕ್ರೇಯಾನ್ ಎಳೆದಾಗಲೆಲ್ಲ ಒಂದು ಕೈ ಬಳಿಯಲು ಅದು ಸಾಲುತ್ತಿದೆ.