ಯಾಜಕಕಾಂಡದ ಎರಡು ವಚನ ಮತ್ತು ಒಬ್ಬ ತಾಯಿಯ ಪ್ರಶ್ನೆ



ಈ ಸಲದ ಪಾಠ ಉಳಿತಾಯದ್ದಲ್ಲ, ಬ್ಯಾಂಕ್ ಸಾಲದ್ದೂ ಅಲ್ಲ. ಅಂಕೋಲಾ ಕಡೆಯ ಒಂದು ಸಂಘದ ಸದಸ್ಯೆ ಎರಡು ತಿಂಗಳು ಸಭೆಗೆ ಬರಲಿಲ್ಲ. ಉಳಿತಾಯದ ಹಣವನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸುತ್ತಿದ್ದರು. ನಾವು ಮನೆಗೆ ಹೋಗಿ ವಿಚಾರಿಸಿದೆವು. ಮೊದಲು ಮಂಡಿನೋವು ಎಂದರು, ಚಹಾ ಕೊಟ್ಟರು, ಆಮೇಲೆ ಅತ್ತರು. ಪರವೂರಲ್ಲಿ ಕೆಲಸಕ್ಕಿರುವ ಮಗ ಮದುವೆ ಬೇಡ ಎಂದಿದ್ದಾನೆ. ತನ್ನ ಮನಸ್ಸು ಹೋಗುವುದು ಗಂಡಸರ ಕಡೆಗೇ, ಇದು ಸಣ್ಣಂದಿನಿಂದ ಹೀಗೇ ಎಂದು ತಾಯಿಗೆ ಹೇಳಿದ್ದಾನೆ. ಸುದ್ದಿ ಹೇಗೋ ಹೊರಗೆ ಬಿತ್ತು. ಸಂಘದಲ್ಲೇ ಒಬ್ಬರು, "ಇಂಥವರನ್ನು ಕೊಲ್ಲಬೇಕು ಅಂತ ಬೈಬಲಿನಲ್ಲೇ ಬರೆದದ್ದುಂಟು" ಅಂದುಬಿಟ್ಟರಂತೆ. "ಅಕ್ಕಾ, ಹಾಗೆ ಬರೆದದ್ದು ಹೌದೇ?" ಎಂದು ಆ ತಾಯಿ ನಮ್ಮನ್ನು ಕೇಳಿದರು. ಅವರ ಗುರುತು ಇಲ್ಲಿ ಬೇಡ. ಪ್ರಶ್ನೆಯನ್ನು ಮಾತ್ರ ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇವೆ.

ಹೌದು, ಬರೆದಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಬೈಬಲಿನ ಮೊದಲ ಭಾಗ ಹಳೆಯ ಒಡಂಬಡಿಕೆ. ಅದು ಯೆಹೂದ್ಯರ ಧರ್ಮಗ್ರಂಥವೂ ಹೌದು. ಅದರ ಮೂರನೆಯ ಪುಸ್ತಕ ಯಾಜಕಕಾಂಡ. ಗಂಡಸು ಹೆಂಗಸಿನೊಡನೆ ಮಲಗುವ ಹಾಗೆ ಗಂಡಸಿನೊಡನೆ ಮಲಗಬಾರದು ಎಂದು 18ನೇ ಅಧ್ಯಾಯದ 22ನೇ ವಚನ ಹೇಳುತ್ತದೆ. 20ನೇ ಅಧ್ಯಾಯದ 13ನೇ ವಚನ ಅದಕ್ಕೆ ಮರಣದಂಡನೆ ವಿಧಿಸುತ್ತದೆ. ಇಷ್ಟು ನೇರವಾಗಿ ಹೇಳುವ ವಚನಗಳು ಹಳೆಯ ಒಡಂಬಡಿಕೆಯಲ್ಲಿ ಇವೆರಡೇ. ಹೆಂಗಸರ ನಡುವಿನ ಸಂಬಂಧದ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ.

ಆದರೆ ಆ ಸದಸ್ಯೆ ಹಿಂದೆ ಮುಂದೆ ಓದಲಿಲ್ಲ. ಅದೇ 20ನೇ ಅಧ್ಯಾಯದಲ್ಲಿ ಅಪ್ಪ ಅಮ್ಮನನ್ನು ಶಪಿಸಿದವನಿಗೂ ಮರಣದಂಡನೆ ಇದೆ, ವ್ಯಭಿಚಾರ ಮಾಡಿದವರಿಗೂ ಇದೆ. ಅಪ್ಪನಿಗೆ ಬೈದ ಮಗನನ್ನು ಕೊಲ್ಲಿ ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ನಮ್ಮ ಕೇರಿಗಳಲ್ಲಿ ಎಷ್ಟು ಗಂಡುಮಕ್ಕಳು ಉಳಿದಾರು! ಮುಟ್ಟಿನ ದಿನಗಳಲ್ಲಿ ಗಂಡ ಹೆಂಡತಿ ಕೂಡಿದರೆ ಇಬ್ಬರನ್ನೂ ಜನಾಂಗದಿಂದ ತೆಗೆದುಹಾಕಬೇಕು ಎಂಬ ನಿಯಮವೂ ಅದೇ ಪುಟದಲ್ಲಿದೆ. ಅದನ್ನು ಹಿಡಿದು ಯಾವ ಹೆಣ್ಣುಮಗಳನ್ನೂ ಇವತ್ತು ಹೊರಗಿಡುವುದಿಲ್ಲ.

ಇನ್ನು 'ಹೇಯ', 'ಅಸಹ್ಯ' ಎಂದು ಕನ್ನಡದಲ್ಲಿ ನಾವು ಹೇಳುವ ಮಾತು. ಹೀಬ್ರೂ ಭಾಷೆಯಲ್ಲಿ ಅದು 'ತೊಏವಾ'. ಈ ಮಾತು ಬೈಬಲಿನಲ್ಲಿ ಬೇರೆ ಕಡೆಯೂ ಬರುತ್ತದೆ. ಆದಿಕಾಂಡದಲ್ಲಿ, ಹೀಬ್ರೂ ಜನರ ಜೊತೆ ಕೂತು ಉಣ್ಣುವುದು ಈಜಿಪ್ಟಿನವರಿಗೆ ತೊಏವಾ. ನಮ್ಮ ಊರಿನ ಪಂಕ್ತಿಭೇದ ನೆನಪಾಗುವುದಿಲ್ಲವೇ? ಧರ್ಮೋಪದೇಶಕಾಂಡದ 14ನೇ ಅಧ್ಯಾಯ, ತೊಏವಾ ಆದ ಯಾವುದನ್ನೂ ತಿನ್ನಬೇಡಿ ಎಂದು ಹೇಳಿ, ರೆಕ್ಕೆ ಮತ್ತು ಹುರುಪೆ ಇಲ್ಲದ ನೀರಿನ ಜೀವಿಗಳು ಬೇಡ ಎನ್ನುತ್ತದೆ. ಅಂದರೆ ಕಾರವಾರದ ಮೀನು ಮಾರ್ಕೆಟಿನಲ್ಲಿ ಶೆಟ್ಲಿ, ಏಡಿ, ಚಿಪ್ಪಿ ಮಾರುವ ನಮ್ಮ ಸದಸ್ಯೆಯರ ಬುಟ್ಟಿಯೂ ಆ ಲೆಕ್ಕಕ್ಕೆ ಸೇರುತ್ತದೆ. ಅದೇ ಪುಸ್ತಕದ 25ನೇ ಅಧ್ಯಾಯದಲ್ಲಿ, ಚೀಲದಲ್ಲಿ ದೊಡ್ಡದೊಂದು ಸಣ್ಣದೊಂದು ತೂಕದ ಕಲ್ಲು ಇಟ್ಟುಕೊಂಡು ಮೋಸ ಮಾಡುವವನು ದೇವರಿಗೆ ತೊಏವಾ. ಶೆಟ್ಲಿಯ ನಿಯಮ ಕ್ರೈಸ್ತರಲ್ಲಿ ಬಿಟ್ಟುಹೋಯಿತು. ತೂಕದ ನಿಯಮ ಇವತ್ತಿಗೂ ನಿಂತಿದೆ. ಹಾಗಾದರೆ ಯಾವುದು ಆ ಕಾಲದ ಆಚಾರ, ಯಾವುದು ಎಲ್ಲ ಕಾಲಕ್ಕೂ ನೀತಿ? ಬರೀ ಆ ಒಂದು ಮಾತನ್ನು ನೋಡಿ ತೀರ್ಮಾನಿಸಲು ಆಗುವುದಿಲ್ಲ.

ಕಥೋಲಿಕ ಧರ್ಮಸಭೆಯ ನಿಲುವನ್ನೂ ನೇರವಾಗಿ ಹೇಳಬೇಕು. ಊಟದ, ಬಟ್ಟೆಯ ನಿಯಮಗಳು ಕ್ರೈಸ್ತರನ್ನು ಕಟ್ಟುವುದಿಲ್ಲ. ಪೇತ್ರನಿಗೆ ಕಂಡ ದರ್ಶನ ಪ್ರೇಷಿತರ ಕಾರ್ಯಕಲಾಪಗಳ 10ನೇ ಅಧ್ಯಾಯದಲ್ಲಿದೆ, ಓದಿ. ಆದರೆ ಸಲಿಂಗ ಸಂಬಂಧದ ವಿಷಯವನ್ನು ಧರ್ಮಸಭೆ ಆಚಾರ ಎಂದು ಬಿಟ್ಟಿಲ್ಲ, ನೀತಿಯ ವಿಷಯವೆಂದೇ ಹಿಡಿದಿದೆ. 1992ರ ಧರ್ಮೋಪದೇಶ ಗ್ರಂಥ ಅಂಥ ಕ್ರಿಯೆಯನ್ನು ಒಪ್ಪುವುದಿಲ್ಲ. ಅದೇ ಗ್ರಂಥದ 2358ನೇ ಪರಿಚ್ಛೇದ ಅಂಥ ವ್ಯಕ್ತಿಗಳನ್ನು ಗೌರವ, ಅನುಕಂಪ, ಸೂಕ್ಷ್ಮತೆಯಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯದ ಸುಳಿವೂ ಇರಬಾರದು ಎನ್ನುತ್ತದೆ. ಮೊದಲನೆಯದನ್ನು ಎಲ್ಲರೂ ಕೇಳಿರುತ್ತಾರೆ, ಎರಡನೆಯದನ್ನು ಕೇಳಿದವರು ಕಡಿಮೆ. ಯೆಹೂದ್ಯರಲ್ಲೂ ಒಮ್ಮತವಿಲ್ಲ. ಅಮೆರಿಕದ ಕನ್ಸರ್ವೇಟಿವ್ ಪಂಗಡದ ಧರ್ಮಶಾಸ್ತ್ರ ಸಮಿತಿ 2006ರಲ್ಲಿ ನಿಷೇಧ ಉಳಿಸುವ ಅಭಿಪ್ರಾಯವನ್ನೂ ಸಡಿಲಿಸುವ ಅಭಿಪ್ರಾಯವನ್ನೂ ಒಟ್ಟಿಗೇ ಅಂಗೀಕರಿಸಿತು.

ಸೊದೋಮ್ ಪಟ್ಟಣದ ಕಥೆ ನಿಮಗೆ ಗೊತ್ತು. ಲೋಟನ ಮನೆಗೆ ಬಂದ ಅತಿಥಿಗಳ ಮೇಲೆ ಬಲಾತ್ಕಾರ ಮಾಡಲು ಊರ ಗಂಡಸರೆಲ್ಲ ಬಾಗಿಲು ಮುತ್ತಿದರು. ಆ ಊರಿನ ಪಾಪ ಯಾವುದು? ಪ್ರವಾದಿ ಯೆಜೆಕಿಯೇಲ 16ನೇ ಅಧ್ಯಾಯದಲ್ಲಿ ಹೇಳುವುದು ಗರ್ವ, ಹೊಟ್ಟೆತುಂಬ ಅನ್ನವಿದ್ದೂ ಬಡವರ ಕೈ ಹಿಡಿಯದಿದ್ದುದು; ಹೇಯಕೃತ್ಯ ಎಂಬ ಮಾತು ಅದರ ನಂತರ ಬರುತ್ತದೆ. ವ್ಯಾಟಿಕನ್ನಿನ ಬೈಬಲ್ ಆಯೋಗ 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಈ ಕಥೆ ಪರದೇಶಿಯನ್ನು ಗೌರವದಿಂದ ಬರಮಾಡಿಕೊಳ್ಳದ ಊರಿನ ಹಿಂಸೆಯ ಕಥೆ ಎಂದಿದೆ. ಯಾಜಕಕಾಂಡದ ನಿಷೇಧಕ್ಕೆ ಮಾತ್ರ ಗ್ರಂಥವೇ ಕಾರಣ ಕೊಟ್ಟಿಲ್ಲ, ಸಂತಾನವನ್ನು ಕಾಪಾಡುವ ಉದ್ದೇಶ ಇದ್ದಿರಬಹುದು ಎಂದು ಅದೇ ಅಧ್ಯಯನ ಹೇಳುತ್ತದೆ.

ಈ ಹಳೆಯ ಓದು ನಮ್ಮ ಜಿಲ್ಲೆಗೂ ಕಾನೂನಾಗಿ ಬಂದಿತ್ತು. ಕ್ರೈಸ್ತ ಯುರೋಪಿನ ಆ ತಿಳುವಳಿಕೆಯಿಂದ ಇಂಗ್ಲೆಂಡಿನಲ್ಲಿ 1533ರಲ್ಲಿ ಒಂದು ಕಾನೂನಾಯಿತು. ಬ್ರಿಟಿಷರು 1860ರ ದಂಡ ಸಂಹಿತೆಯಲ್ಲಿ ಅದನ್ನು 377ನೇ ಕಲಮಾಗಿ ನಮಗೂ ತಂದರು. ವಯಸ್ಕರು ಒಪ್ಪಿ ಖಾಸಗಿಯಾಗಿ ನಡೆಸುವ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಹಾಗಾಗಿ "ಪೊಲೀಸರಿಗೆ ಹೇಳ್ತೇನೆ" ಎಂದು ಹೆದರಿಸಿ ಯಾರಾದರೂ ದುಡ್ಡು ಕೇಳಿದರೆ ಹೆದರಬೇಡಿ, ಕೊಡಬೇಡಿ.

ಆ ತಾಯಿಗೆ ಊರವರು ಕೊಟ್ಟ ಸಲಹೆ ಎರಡು. ಒಂದು, ಡಾಕ್ಟರಿಗೆ ತೋರಿಸಿ ಸರಿಮಾಡಿಸು. ಇದು ಕಾಯಿಲೆಯಲ್ಲ. ಮನಸ್ಸು ಬದಲಿಸುತ್ತೇವೆ ಎನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದಿದೆ. ಎರಡನೆಯದು, ಒಂದು ಮದುವೆ ಮಾಡಿಬಿಡು, ಎಲ್ಲ ಸರಿಹೋಗ್ತದೆ. ಸಹೋದರಿಯರೇ, ಆ ಬರುವ ಹುಡುಗಿಯೂ ಯಾರದೋ ಮನೆಯ ಮಗಳಲ್ಲವೇ? ಅವಳ ಬಾಳಿನ ಲೆಕ್ಕ ಯಾರು ಇಡುತ್ತಾರೆ? ಇಂಥ ಸಂಕಟದಲ್ಲಿ ಮಗನಿಗಾಗಲಿ ತಾಯಿಗಾಗಲಿ ಮನಸ್ಸು ತೀರಾ ಕುಸಿದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, ಉಚಿತ.

ಮುಂದಿನ ಸಭೆಯಲ್ಲಿ ಯಾಜಕಕಾಂಡದ 19ನೇ ಅಧ್ಯಾಯವನ್ನು ಒಬ್ಬರು ಗಟ್ಟಿಯಾಗಿ ಓದಿರಿ. ಇದು ಆ ಎರಡು ವಚನಗಳ ನಟ್ಟನಡುವೆ ಇರುವ ಅಧ್ಯಾಯ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ, ಚಾಡಿ ಹೇಳುತ್ತಾ ತಿರುಗಬೇಡ, ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಎಂಬ ಅರ್ಥದ ಮಾತುಗಳು ಇರುವುದು ಅಲ್ಲೇ. ಓದಿದ ಮೇಲೆ ಈ ಎರಡು ಪ್ರಶ್ನೆ ಚರ್ಚಿಸಿರಿ: ನಮ್ಮ ಸಂಘದಲ್ಲಿ ಒಬ್ಬ ತಾಯಿ ಇಂಥ ವಿಷಯವನ್ನು ಹೆದರದೆ ಹೇಳಬಹುದೇ? ಹೇಳಿದ ಮಾತು ಸಭೆಯ ಹೊರಗೆ ಹೋಗದಂತೆ ನಾವು ಏನು ಮಾಡಬಹುದು?