ಒಳ್ಳೆಯ ಪತ್ರವೂ ಸ್ಪ್ಯಾಮ್ ಡಬ್ಬಿಗೆ ಬೀಳಬಹುದು



ರಾಸಿನ ವಿಮೆಗೋ, ಬ್ಯಾಂಕ್ ಸಾಲಕ್ಕೋ, ಮಗಳ ಕೆಲಸಕ್ಕೋ ಅರ್ಜಿ ಹಾಕಿ ತಾವು ಉತ್ತರಕ್ಕಾಗಿ ಕಾಯುತ್ತಿದ್ದೀರಿ ಎಂದುಕೊಳ್ಳಿ. ಎರಡು ವಾರ ಕಳೆದರೂ ಸುದ್ದಿಯಿಲ್ಲ. ವಿಚಾರಿಸಿದರೆ, 'ಇ-ಮೇಲ್ ಕಳಿಸಿದ್ದೇವಲ್ಲ, ಕೊನೆಯ ದಿನವೂ ಮುಗಿಯಿತು' ಎನ್ನುತ್ತಾರೆ. ತಮ್ಮ ಮೊಬೈಲಿನಲ್ಲಿ ಆ ಪತ್ರ ಕಾಣುತ್ತಿಲ್ಲ. ಇಬ್ಬರ ಮಾತೂ ನಿಜವಿರಬಹುದು. ಪತ್ರ ಬಂದಿದೆ, ಆದರೆ 'ಸ್ಪ್ಯಾಮ್' ಎಂಬ ಬೇರೆ ಡಬ್ಬಿಗೆ ಬಿದ್ದಿದೆ.

ಸ್ಪ್ಯಾಮ್ ಎಂದರೇನು?

ನಾವು ಕೇಳದೆಯೇ ರಾಶಿ ರಾಶಿಯಾಗಿ ಬರುವ ಜಾಹೀರಾತು ಮತ್ತು ಮೋಸದ ಪತ್ರಗಳಿಗೆ ಈ ಹೆಸರು. 1978ರ ಮೇ ತಿಂಗಳಲ್ಲಿ ಅಮೆರಿಕದ ಗ್ಯಾರಿ ಥುಯೆರ್ಕ್ ಎಂಬುವರು ಕಂಪ್ಯೂಟರ್ ಮಾರಾಟಕ್ಕಾಗಿ ಸುಮಾರು 400 ಜನರಿಗೆ ಒಮ್ಮೆಲೇ ಕಳಿಸಿದ ಜಾಹೀರಾತನ್ನು ಇದರ ಮೊದಲನೆಯದೆಂದು ಎಣಿಸುತ್ತಾರೆ. ಇಂಥವನ್ನು ತಡೆಯಲು ಇ-ಮೇಲ್ ಸೇವೆಯವರು ಇಟ್ಟಿರುವ ಜರಡಿಯೇ ಸ್ಪ್ಯಾಮ್ ಫಿಲ್ಟರ್.

ಜರಡಿ ತಪ್ಪುವುದೇಕೆ?

ಲ್ಯಾಕ್ಟೋಮೀಟರ್ ತಮಗೆ ಗೊತ್ತೇ ಇದೆ. ಹಾಲಿಗೆ ನೀರು ಬೆರೆತರೆ ಅಂಕ ಇಳಿಯುತ್ತದೆ. ಆದರೆ ಉಳಿದದ್ದೆಲ್ಲ ಸಮನಾಗಿದ್ದು ಜಿಡ್ಡು ಹೆಚ್ಚಾದರೂ ಅಂಕ ಇಳಿಯುತ್ತದೆ. ಆಗತಾನೇ ಕರೆದ ಹಾಲಿನಲ್ಲೂ ಸ್ವಲ್ಪ ಕಡಿಮೆ ಬರುತ್ತದೆ. ಅದೊಂದನ್ನೇ ನಂಬಿದರೆ ಒಳ್ಳೆಯ ಹಾಲಿಗೂ ಕೆಟ್ಟ ಹೆಸರು ಬರುತ್ತದೆ.

ಫಿಲ್ಟರ್ ಕೂಡ ಹೀಗೆಯೇ. ಅದು ಲಕ್ಷಣಗಳನ್ನು ನೋಡಿ ಊಹಿಸುತ್ತದೆ. ಹಿಂದೆ ಕೇವಲ ಪದಗಳನ್ನು ಹುಡುಕುವ ಜರಡಿಗಳಿದ್ದವು. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಪಟ್ಟಣದವರಿಗೆ ಅಮೆರಿಕ ಆನ್‌ಲೈನ್ ಸೇವೆಯಲ್ಲಿ ಖಾತೆ ತೆರೆಯಲಾಗಲಿಲ್ಲ. ಊರಿನ ಹೆಸರಿನ ಅಕ್ಷರಗಳ ನಡುವೆ ಒಂದು ಕೆಟ್ಟ ಪದ ಅಡಗಿತ್ತು! 'ಸ್ಪೆಷಲಿಸ್ಟ್' ಎಂಬ ಇಂಗ್ಲಿಷ್ ಪದದೊಳಗೆ 'ಸಿಯಾಲಿಸ್' ಎಂಬ ಮಾತ್ರೆಯ ಹೆಸರಿನ ಅಕ್ಷರಗಳಿರುವುದರಿಂದ ತಜ್ಞರ ಪತ್ರಗಳೂ ತಡೆಗೊಂಡದ್ದುಂಟು.

2002ರಲ್ಲಿ ಪಾಲ್ ಗ್ರಹಾಂ ಎಂಬುವರು ಒಳ್ಳೆಯ ಮತ್ತು ಕೆಟ್ಟ ಪತ್ರಗಳೆರಡರ ಪದಗಳನ್ನೂ ಲೆಕ್ಕ ಹಾಕಿ ತೂಗುವ ವಿಧಾನವನ್ನು ವಿವರಿಸಿದರು. ಕೆಟ್ಟ ಪತ್ರ ಒಳಬರುವುದಕ್ಕಿಂತ ಒಳ್ಳೆಯ ಪತ್ರ ಕಳೆದುಹೋಗುವುದೇ ದೊಡ್ಡ ನಷ್ಟ ಎಂಬುದು ಅವರ ಅಭಿಪ್ರಾಯವಾಗಿತ್ತು. ಈಗ ಕಳಿಸಿದವರ ವಿಳಾಸ ಅಸಲಿಯೇ ಎಂಬುದನ್ನೂ ನೋಡುತ್ತಾರೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರು ಇದಕ್ಕೆ ತಾಂತ್ರಿಕ ಪುರಾವೆ ಒದಗಿಸಬೇಕೆಂಬ ನಿಯಮ 2024ರ ಫೆಬ್ರವರಿಯಿಂದ ಬಂದಿದೆ. ಈ ವ್ಯವಸ್ಥೆ ಸರಿಪಡಿಸಿಕೊಳ್ಳದ ಕಚೇರಿಯ ನಿಜವಾದ ಪತ್ರವೂ ಸ್ಪ್ಯಾಮ್‌ಗೆ ಹೋಗಬಹುದು, ಇಲ್ಲವೇ ಬಾರದೆಯೇ ಹಿಂದಿರುಗಬಹುದು.

ತಾವು ಮಾಡಬೇಕಾದ್ದು

1. ವಾರಕ್ಕೊಮ್ಮೆ ಸ್ಪ್ಯಾಮ್ ಡಬ್ಬಿ ತೆರೆದು ನೋಡಿ. ಜಿಮೇಲ್‌ನಲ್ಲಿ ಮೂಲೆಯ ಮೂರು ಗೆರೆಗಳನ್ನು ಒತ್ತಿದರೆ ಅದು ಸಿಗುತ್ತದೆ. ಅಲ್ಲಿ ಬಿದ್ದ ಪತ್ರ 30 ದಿನಗಳ ನಂತರ ತಾನಾಗಿಯೇ ಅಳಿಸಿಹೋಗುತ್ತದೆ.

2. ಒಳ್ಳೆಯ ಪತ್ರ ಸಿಕ್ಕರೆ 'ಸ್ಪ್ಯಾಮ್ ಅಲ್ಲ' ಎಂದು ಒತ್ತಿ. ಕಳಿಸಿದವರ ವಿಳಾಸವನ್ನು ಸಂಪರ್ಕ ಪಟ್ಟಿಗೆ ಸೇರಿಸಿ. ಮುಂದಿನ ಪತ್ರ ಸರಿಯಾದ ಜಾಗಕ್ಕೆ ಬರಲು ಇದು ನೆರವಾಗುತ್ತದೆ.

3. ಅರ್ಜಿ ಕೊಡುವಾಗ ಇ-ಮೇಲ್ ವಿಳಾಸವನ್ನು ಸ್ಪಷ್ಟವಾಗಿ ಬರೆಯಿರಿ, ದೂರವಾಣಿ ಸಂಖ್ಯೆಯನ್ನೂ ಕೊಡಿ. ಹೇಳಿದ ದಿನಕ್ಕೆ ಉತ್ತರ ಬಾರದಿದ್ದರೆ ಕಚೇರಿಗೆ ಕರೆ ಮಾಡಿ ಕೇಳಿ.

4. ತಾವೇ ಪತ್ರ ಕಳಿಸುವಾಗ ವಿಷಯದ ಸಾಲನ್ನು ಖಾಲಿ ಬಿಡಬೇಡಿ. 'ರಾಸಿನ ವಿಮೆ ಅರ್ಜಿ' ಎಂಬಂತೆ ನೇರವಾಗಿ ಬರೆಯಿರಿ. ಕಳಿಸಿದ ಮೇಲೆ ತಲುಪಿತೇ ಎಂದು ವಿಚಾರಿಸಿ.

ಎಚ್ಚರಿಕೆ

ಸ್ಪ್ಯಾಮ್ ಡಬ್ಬಿಯಲ್ಲಿರುವ ಪತ್ರಗಳಲ್ಲಿ ಮೋಸದವು ಬಹಳ ಇರುತ್ತವೆ. ಬಹುಮಾನ ಬಂದಿದೆ, ಖಾತೆ ನಿಲ್ಲುತ್ತದೆ ಎಂದು ಹೆದರಿಸಿ ಅವಸರ ಮಾಡುವ ಪತ್ರದಲ್ಲಿನ ಕೊಂಡಿಯನ್ನು ಒತ್ತಬೇಡಿ. ಗುಪ್ತ ಸಂಖ್ಯೆ, ಓಟಿಪಿ ಯಾರಿಗೂ ಕೊಡಬೇಡಿ. ಸಂಶಯವಿದ್ದರೆ ಪಾಸ್‌ಬುಕ್ ಅಥವಾ ವಿಮಾ ಪತ್ರದಲ್ಲಿ ಅಚ್ಚಾಗಿರುವ ಸಂಖ್ಯೆಗೇ ಕರೆ ಮಾಡಿ ಖಚಿತಪಡಿಸಿಕೊಳ್ಳಿ.

ಇ-ಮೇಲ್ ನೋಡುವ ಅಭ್ಯಾಸ ತಮಗಿಲ್ಲದಿದ್ದರೆ ಮನೆಯ ಮಕ್ಕಳಿಗೆ ಈ ಪಾಠವನ್ನು ಓದಿ ಹೇಳಿ. ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ಒಮ್ಮೆ ಆ ಡಬ್ಬಿಯನ್ನು ತೆರೆಸಿ ನೋಡಿ.