ಹೆಪಟೈಟಿಸ್ ಸಿ ಗುಣವಾದ ನಂತರ ಯಕೃತ್ತಿನ ಕ್ಯಾನ್ಸರ್ ಅಪಾಯವನ್ನು ಅಳೆಯುವ ಬಗೆ

ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ



1. ಪಾಠದ ಉದ್ದೇಶ

ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವು 2018ರ ಜುಲೈ 28ರಂದು ಆರಂಭವಾಯಿತು. ಇದರ ಅಡಿಯಲ್ಲಿ ಹೆಪಟೈಟಿಸ್ ಸಿ ಸೋಂಕಿನ ಪರೀಕ್ಷೆ ಹಾಗೂ ಔಷಧಗಳನ್ನು ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತವಾಗಿ ನೀಡಲಾಗುತ್ತಿದೆ. ಚಿಕಿತ್ಸೆ ಪೂರ್ಣಗೊಳಿಸಿದ ಬಹುಪಾಲು ಜನರು ಗುಣಮುಖರಾಗುತ್ತಾರೆ. ಆದರೆ ಅವರಲ್ಲಿ ಕೆಲವರಿಗೆ ಯಕೃತ್ತಿನ ಕ್ಯಾನ್ಸರಿನ ಅಪಾಯವು ಅನಂತರವೂ ಉಳಿದಿರುತ್ತದೆ. ಅಂಥವರು ಯಾರು, ಅವರನ್ನು ಗುರುತಿಸುವುದು ಹೇಗೆ, ಈ ಕಾರ್ಯದಲ್ಲಿ ಪಂಚಾಯಿತಿಯ ಪಾತ್ರವೇನು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

2. ಗುಣವಾಗುವುದು ಎಂದರೇನು

ಹೆಪಟೈಟಿಸ್ ಸಿ ವೈರಾಣು ರಕ್ತದ ಮೂಲಕ ಹರಡುತ್ತದೆ. ಒಬ್ಬರಿಗೆ ಬಳಸಿದ ಸೂಜಿಯನ್ನು ಮತ್ತೊಬ್ಬರಿಗೆ ಬಳಸುವುದು, ಸೋಂಕುನಿವಾರಣೆ ಮಾಡದ ಶಸ್ತ್ರಚಿಕಿತ್ಸಾ ಅಥವಾ ಹಚ್ಚೆಯ ಉಪಕರಣಗಳು, ಪರೀಕ್ಷಿಸದ ರಕ್ತದ ವರ್ಗಾವಣೆ ಇವು ಮುಖ್ಯ ಮಾರ್ಗಗಳು. ಸಹಪಂಕ್ತಿ ಭೋಜನದಿಂದಾಗಲಿ, ಒಂದೇ ನಲ್ಲಿಯ ನೀರು ಕುಡಿಯುವುದರಿಂದಾಗಲಿ, ಕೈಕುಲುಕುವುದರಿಂದಾಗಲಿ ಇದು ಹರಡುವುದಿಲ್ಲ.

ಸೊಫೊಸ್ಬುವಿರ್ ಜೊತೆಗೆ ಡಕ್ಲಾಟಸ್ವಿರ್ ಅಥವಾ ವೆಲ್ಪಾಟಸ್ವಿರ್ ಸೇರಿದ ಮಾತ್ರೆಗಳನ್ನು ಸಾಮಾನ್ಯವಾಗಿ 12 ವಾರ, ಕೆಲವರಿಗೆ 24 ವಾರ ನೀಡಲಾಗುತ್ತದೆ. ಔಷಧ ಮುಗಿದು 12 ವಾರಗಳ ನಂತರ ಮಾಡುವ ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಾಣು ಕಂಡುಬಾರದಿದ್ದರೆ ಸೋಂಕು ಗುಣವಾಯಿತೆಂದು ವೈದ್ಯರು ಪರಿಗಣಿಸುತ್ತಾರೆ. 100ರಲ್ಲಿ 95ಕ್ಕೂ ಹೆಚ್ಚು ಜನರು ಈ ಹಂತವನ್ನು ತಲುಪುತ್ತಾರೆ.

ಗುಣವಾದ ಮೇಲೂ ಪ್ರತಿಕಾಯ ಪರೀಕ್ಷೆಯು ಹಲವು ವರ್ಷ, ಬಹುಮಟ್ಟಿಗೆ ಜೀವನಪರ್ಯಂತ, ಪಾಸಿಟಿವ್ ಆಗಿಯೇ ಬರುತ್ತದೆ. ಇದನ್ನು ನೋಡಿ ಸೋಂಕು ಮರಳಿದೆಯೆಂದು ತಿಳಿಯಬಾರದು. ವೈರಾಣು ಇದೆಯೇ ಇಲ್ಲವೇ ಎಂಬುದನ್ನು ಆರ್‌ಎನ್‌ಎ ಪರೀಕ್ಷೆ ಮಾತ್ರ ಹೇಳಬಲ್ಲದು.

3. ಅಪಾಯ ಉಳಿಯುವುದೇಕೆ

ಈ ಸೋಂಕು ಹತ್ತಿಪ್ಪತ್ತು ವರ್ಷಗಳ ಕಾಲ ಯಾವ ಲಕ್ಷಣವನ್ನೂ ತೋರದೆ ದೇಹದಲ್ಲಿ ಇರಬಲ್ಲದು. ಆ ಅವಧಿಯಲ್ಲಿ ಯಕೃತ್ತಿನ ಮೃದುವಾದ ಭಾಗವು ಸ್ವಲ್ಪಸ್ವಲ್ಪವಾಗಿ ನಾರುಗಟ್ಟುತ್ತದೆ. ನಾರುಗಟ್ಟುವಿಕೆಯನ್ನು 0ರಿಂದ 4ರವರೆಗೆ ಹಂತಗಳಾಗಿ ಗುರುತಿಸುವರು. 3ನೆಯದು ತೀವ್ರ ಹಂತ; 4ನೆಯದು ಸಿರೋಸಿಸ್, ಅಂದರೆ ಯಕೃತ್ತು ಗಂಟುಗಂಟಾಗಿ ಗಡುಸಾದ ಸ್ಥಿತಿ. ಹೀಗೆ ಹಾನಿಗೊಂಡ ಯಕೃತ್ತಿನಲ್ಲಿಯೇ ಕ್ಯಾನ್ಸರ್ ಹುಟ್ಟುವ ಸಂಭವ ಹೆಚ್ಚು.

ಪ್ರವಾಹ ಇಳಿದ ಮಾತ್ರಕ್ಕೆ ಕೆರೆಯ ಏರಿಯಲ್ಲಿ ಬಿಟ್ಟ ಬಿರುಕು ಮುಚ್ಚಿಕೊಳ್ಳುವುದಿಲ್ಲ. ಹಾಗೆಯೇ ಔಷಧವು ವೈರಾಣುವನ್ನು ನಿವಾರಿಸುತ್ತದೆ. ಆಗಿಹೋದ ಹಾನಿಯನ್ನು ಕೂಡಲೇ ಸರಿಪಡಿಸುವುದಿಲ್ಲ. ಚಿಕಿತ್ಸೆಯಿಂದ ಕ್ಯಾನ್ಸರ್ ಅಪಾಯವು ಬಹಳಷ್ಟು ತಗ್ಗುವುದು ನಿಜ. ಆದರೂ ಸಿರೋಸಿಸ್ ಇದ್ದು ಗುಣಮುಖರಾದ 100 ಜನರಲ್ಲಿ ವರ್ಷಕ್ಕೆ ಸುಮಾರು 1ರಿಂದ 2 ಜನರಿಗೆ ಯಕೃತ್ತಿನ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಸಿರೋಸಿಸ್ ಇಲ್ಲದವರಲ್ಲಿ ಅಪಾಯ ಇದಕ್ಕಿಂತ ಬಹಳ ಕಡಿಮೆ.

4. ಅಪಾಯವನ್ನು ಅಳೆಯುವ ಬಗೆ

ಯಕೃತ್ತು ಎಷ್ಟು ಗಡುಸಾಗಿದೆ ಎಂಬುದನ್ನು ತಿಳಿಯಲು ಫೈಬ್ರೋಸ್ಕ್ಯಾನ್ ಎಂಬ ಯಂತ್ರವಿದೆ. ಅದು ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಆದ್ದರಿಂದ ಸಾಮಾನ್ಯ ರಕ್ತಪರೀಕ್ಷೆಯಿಂದಲೇ ಲೆಕ್ಕ ಹಾಕಬಹುದಾದ 'ಫಿಬ್-4' ಎಂಬ ಸೂಚ್ಯಂಕವನ್ನು ವೈದ್ಯರು ಬಳಸುತ್ತಾರೆ. ಇದಕ್ಕೆ ರೋಗಿಯ ವಯಸ್ಸು, ಎಎಸ್‌ಟಿ, ಎಎಲ್‌ಟಿ ಹಾಗೂ ಪ್ಲೇಟ್‌ಲೆಟ್ ಸಂಖ್ಯೆ ಇಷ್ಟೇ ಸಾಕು.

ಲೆಕ್ಕದ ಕ್ರಮ: ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಬೇಕು. ಪ್ಲೇಟ್‌ಲೆಟ್ ಸಂಖ್ಯೆಯನ್ನು (ಸಾವಿರಗಳಲ್ಲಿ) ಎಎಲ್‌ಟಿಯ ವರ್ಗಮೂಲದಿಂದ ಗುಣಿಸಬೇಕು. ಮೊದಲ ಗುಣಲಬ್ಧವನ್ನು ಎರಡನೆಯದರಿಂದ ಭಾಗಿಸಬೇಕು. ವರದಿಯಲ್ಲಿ ಪ್ಲೇಟ್‌ಲೆಟ್ 1.2 ಲಕ್ಷ ಎಂದಿದ್ದರೆ 120 ಎಂದು ತೆಗೆದುಕೊಳ್ಳಬೇಕು.

ಉದಾಹರಣೆ ಒಂದು: ವಯಸ್ಸು 58, ಎಎಸ್‌ಟಿ 80, ಎಎಲ್‌ಟಿ 64, ಪ್ಲೇಟ್‌ಲೆಟ್ 1.2 ಲಕ್ಷ. 58 × 80 = 4640. 64ರ ವರ್ಗಮೂಲ 8; 120 × 8 = 960. ಭಾಗಿಸಿದರೆ ಸುಮಾರು 4.8.

ಉದಾಹರಣೆ ಎರಡು: ವಯಸ್ಸು 34, ಎಎಸ್‌ಟಿ 36, ಎಎಲ್‌ಟಿ 36, ಪ್ಲೇಟ್‌ಲೆಟ್ 2.4 ಲಕ್ಷ. 34 × 36 = 1224. 36ರ ವರ್ಗಮೂಲ 6; 240 × 6 = 1440. ಭಾಗಿಸಿದರೆ 0.85.

ಸೂಚ್ಯಂಕವು 1.45ಕ್ಕಿಂತ ಕಡಿಮೆ ಇದ್ದರೆ ತೀವ್ರ ನಾರುಗಟ್ಟುವಿಕೆಯ ಸಂಭವ ಕಡಿಮೆ. 3.25ಕ್ಕಿಂತ ಹೆಚ್ಚಿದ್ದರೆ ಸಂಭವ ಹೆಚ್ಚು. ನಡುವೆ ಇದ್ದರೆ ಫೈಬ್ರೋಸ್ಕ್ಯಾನ್‌ನಂತಹ ಮುಂದಿನ ಪರೀಕ್ಷೆ ಅಗತ್ಯ. ಡೆಂಗೀ ಜ್ವರ ಇರುವಾಗ ಪ್ಲೇಟ್‌ಲೆಟ್ ಇಳಿದು ಎಎಸ್‌ಟಿ ಏರುವುದರಿಂದ ಆ ದಿನಗಳ ಲೆಕ್ಕ ದಾರಿತಪ್ಪಿಸುತ್ತದೆ. ಈ ಕಾರಣದಿಂದ ಅಂತಿಮ ನಿರ್ಣಯವನ್ನು ವೈದ್ಯರಿಗೇ ಬಿಡತಕ್ಕದ್ದು.

5. ಚಿಕಿತ್ಸೆಗೆ ಮುಂಚಿನ ದಾಖಲೆಯ ಮಹತ್ವ

ಈ ಪಾಠದಲ್ಲಿ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಅಂಶವಿದು. ವೈರಾಣು ಹೋದೊಡನೆ ಯಕೃತ್ತಿನ ಉರಿಯೂತ ಇಳಿಯುತ್ತದೆ. ಅದರೊಂದಿಗೆ ಎಎಸ್‌ಟಿ, ಎಎಲ್‌ಟಿ, ಫೈಬ್ರೋಸ್ಕ್ಯಾನ್ ಅಂಕಗಳೂ ಇಳಿಯುತ್ತವೆ. ಅಂಕ ಇಳಿಯಿತೆಂದರೆ ನಾರುಗಟ್ಟಿದ ಭಾಗ ಮಾಯವಾಯಿತು ಎಂದು ಅರ್ಥವಲ್ಲ. ಚಿಕಿತ್ಸೆಗೆ ಮೊದಲು ಸಿರೋಸಿಸ್ ಇದ್ದವರು, ಅನಂತರದ ಅಂಕ ಚೆನ್ನಾಗಿದ್ದರೂ, ತಪಾಸಣೆಯನ್ನು ಮುಂದುವರಿಸಬೇಕು. ಚಿಕಿತ್ಸೆಯ ನಂತರವೂ ಅಂಕ ಹೆಚ್ಚಾಗಿಯೇ ಉಳಿದವರಲ್ಲಿ ಅಪಾಯ ಇನ್ನೂ ಅಧಿಕ.

ಹೀಗಾಗಿ ಚಿಕಿತ್ಸೆಗೆ ಮುಂಚಿನ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ವರದಿಗಳು ಜಮೀನಿನ ಪಹಣಿಯಷ್ಟೇ ಜೋಪಾನವಾಗಿ ಇಡಬೇಕಾದ ಕಾಗದಗಳು. "ನಿಮಗೆ ಗುಣವಾಗಿದೆ" ಎಂಬ ಮಾತು ಕೇಳಿ ಹಳೆಯ ಕಡತವನ್ನು ಎಸೆದವರು ಐದು ವರ್ಷಗಳ ನಂತರ ಬೇರೆ ವೈದ್ಯರ ಬಳಿ ಹೋದರೆ, ಅವರ ನಿಜವಾದ ಅಪಾಯವನ್ನು ತಿಳಿಯುವುದು ಕಷ್ಟವಾಗುತ್ತದೆ.

6. ಯಾರಿಗೆ ಯಾವ ತಪಾಸಣೆ

ಅ) ಸಿರೋಸಿಸ್ ಇದ್ದವರು: 6 ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, ಜೊತೆಗೆ ವೈದ್ಯರು ಸೂಚಿಸಿದರೆ ಎಎಫ್‌ಪಿ ರಕ್ತಪರೀಕ್ಷೆ. ಇಷ್ಟು ವರ್ಷಕ್ಕೆ ನಿಲ್ಲಿಸಬಹುದು ಎಂಬ ಸಾಮಾನ್ಯ ಗಡುವಿಲ್ಲ.

ಆ) 3ನೆಯ ಹಂತದಲ್ಲಿದ್ದವರು: ತಜ್ಞರ ಸಲಹೆಯಂತೆ ಇದೇ ಕ್ರಮ.

ಇ) 0ರಿಂದ 2ನೆಯ ಹಂತದಲ್ಲಿದ್ದು ಬೇರೆ ಯಕೃತ್ತಿನ ತೊಂದರೆ ಇಲ್ಲದವರು: ಕ್ಯಾನ್ಸರ್‌ಗಾಗಿ ನಿಯತ ಸ್ಕ್ಯಾನಿಂಗ್ ಬೇಕಿಲ್ಲ. ಅನಗತ್ಯ ಭಯ ಮತ್ತು ಖರ್ಚಿನಿಂದ ಇವರನ್ನು ದೂರವಿಡುವುದೂ ನಮ್ಮ ಕರ್ತವ್ಯ.

ಯಕೃತ್ತಿನ ಕ್ಯಾನ್ಸರ್ ಆರಂಭದಲ್ಲಿ ನೋವನ್ನಾಗಲಿ ಜ್ವರವನ್ನಾಗಲಿ ಉಂಟುಮಾಡುವುದಿಲ್ಲ. ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವಿಕೆ, ತೂಕ ಇಳಿಕೆ ಕಾಣುವ ವೇಳೆಗೆ ರೋಗ ಬಲಿತಿರುತ್ತದೆ. ಗಡ್ಡೆ ಚಿಕ್ಕದಿರುವಾಗಲೇ ಪತ್ತೆಯಾದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯಲು ಅಥವಾ ಶಾಖದಿಂದ ಸುಡಲು ಸಾಧ್ಯ. 6 ತಿಂಗಳ ನಿಯಮದ ಹಿಂದಿನ ಕಾರಣ ಇದೇ.

7. ಅಪಾಯವನ್ನು ಹೆಚ್ಚಿಸುವ ಇತರ ಕಾರಣಗಳು

ಮದ್ಯಪಾನ, ಮಧುಮೇಹ, ಬೊಜ್ಜು, ಹೆಪಟೈಟಿಸ್ ಬಿ ಸೋಂಕು, ಹೆಚ್ಚಿನ ವಯಸ್ಸು ಇವು ಅಪಾಯವನ್ನು ಹೆಚ್ಚಿಸುತ್ತವೆ. ಸಿರೋಸಿಸ್ ಇರುವವರು ಮದ್ಯವನ್ನು ಸಂಪೂರ್ಣವಾಗಿ ಬಿಡತಕ್ಕದ್ದು. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಸಿಗೆ ಇಲ್ಲ. ಒಮ್ಮೆ ಗುಣವಾದವರಿಗೆ ಮತ್ತೆ ಸೋಂಕು ತಗಲಬಹುದಾದ್ದರಿಂದ ಸುರಕ್ಷಿತ ಚುಚ್ಚುಮದ್ದಿನ ಎಚ್ಚರ ಅವರಿಗೂ ಅನ್ವಯಿಸುತ್ತದೆ. ನಾಟಿ ಔಷಧಗಳಲ್ಲಿ ಕೆಲವು ಯಕೃತ್ತಿಗೆ ಹಾನಿಕರ. ವೈದ್ಯರಿಗೆ ತಿಳಿಸದೆ ಸೇವಿಸಬಾರದು.

8. ಪಂಚಾಯಿತಿಯ ಪಾತ್ರ

ಸಾರ್ವಜನಿಕ ಆರೋಗ್ಯವು ಗ್ರಾಮ ಪಂಚಾಯಿತಿಯ ವ್ಯಾಪ್ತಿಗೆ ಸೇರಿದ ವಿಷಯ. ಸಂಬಂಧಪಟ್ಟ ಸ್ಥಾಯಿ ಸಮಿತಿಯ ಹಾಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಗಳಲ್ಲಿ ಕೆಳಗಿನ ಅಂಶಗಳನ್ನು ಚರ್ಚಿಸಬಹುದು.

• ಗುಣಮುಖರಾದವರು ತಮ್ಮ ಹಂತವನ್ನು ವೈದ್ಯರಿಂದ ಕೇಳಿ ತಿಳಿದು ಬರೆಸಿಕೊಳ್ಳುವಂತೆ ಆಶಾ ಕಾರ್ಯಕರ್ತೆಯರ ಮೂಲಕ ಸಾಮಾನ್ಯ ತಿಳಿವಳಿಕೆ ನೀಡುವುದು.
• ಸಮೀಪದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ದಿನ ಸ್ಕ್ಯಾನಿಂಗ್ ಲಭ್ಯವೆಂಬುದನ್ನು ವೈದ್ಯಾಧಿಕಾರಿಗಳಿಂದ ಪಡೆದು ಸೂಚನಾ ಫಲಕದಲ್ಲಿ ಪ್ರಕಟಿಸುವುದು. ಒಂದು ದಿನದ ಕೂಲಿ ಬಿಟ್ಟು ಹೋದವರು ಬರಿಗೈಯಲ್ಲಿ ಹಿಂದಿರುಗಬಾರದು.
• ಒಂದೇ ಸೂಜಿಯನ್ನು ಮರುಬಳಕೆ ಮಾಡುವ ಚಿಕಿತ್ಸಾಲಯಗಳ ಬಗ್ಗೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಗಮನಕ್ಕೆ ತರುವುದು.
• ರೋಗಿಗಳ ಹೆಸರನ್ನು ಗ್ರಾಮಸಭೆಯಲ್ಲಾಗಲಿ, ನಡಾವಳಿಯಲ್ಲಾಗಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ನಮೂದಿಸದಿರುವುದು. ಹೆಸರು ಬಯಲಾಗುವ ಭಯವಿದ್ದಲ್ಲಿ ಜನರು ತಪಾಸಣೆಗೇ ಹೋಗುವುದಿಲ್ಲ.

9. ಪುನರಾವಲೋಕನ ಪ್ರಶ್ನೆಗಳು

1) ಗುಣವಾದವರ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂದರೆ ಅದರ ಅರ್ಥವೇನು?
2) ವಯಸ್ಸು 50, ಎಎಸ್‌ಟಿ 72, ಎಎಲ್‌ಟಿ 81, ಪ್ಲೇಟ್‌ಲೆಟ್ 1 ಲಕ್ಷ ಇದ್ದರೆ ಫಿಬ್-4 ಎಷ್ಟು? ಮುಂದಿನ ಕ್ರಮವೇನು? (ಉತ್ತರ: 4; ತೀವ್ರ ಹಂತದ ಸಂಭವವಿರುವುದರಿಂದ ಯಕೃತ್ತಿನ ಸ್ಥಿತಿಯ ನಿರ್ಣಯಕ್ಕೆ ವೈದ್ಯರ ಬಳಿ ಕಳುಹಿಸುವುದು.)
3) ಚಿಕಿತ್ಸೆಯ ನಂತರ ಅಂಕ ಇಳಿದರೂ ಸಿರೋಸಿಸ್ ಇದ್ದವರು ಸ್ಕ್ಯಾನಿಂಗ್ ನಿಲ್ಲಿಸಬಾರದೇಕೆ?

ಈ ಪಾಠವನ್ನು ಮುಂದಿನ ಮಾಸಿಕ ಸಭೆಯಲ್ಲಿ ಓದಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಆಹ್ವಾನಿಸಿ ಸಂದೇಹಗಳನ್ನು ಪರಿಹರಿಸಿಕೊಳ್ಳಲು ಕೋರಿದೆ.